ದಾರಿ ಕೇಳಿಕೊಂಡು ಹೋಗು: ಮಾರೋವಿಂಡ್ ಆಡುತ್ತಿರುವ ಗೆಳೆಯನಿಗೆ

ಪ್ರಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. 2025ರ ಏಪ್ರಿಲ್‌ನಲ್ಲಿ ಹೊಸ ರೂಪದಲ್ಲಿ ಬಂದ ಒಬ್ಲಿವಿಯನ್ ಎಂಬ ಕಂಪ್ಯೂಟರ್ ಆಟ ಆಡಿ ಮುಗಿಸಿ, ಅದೇ ಹುಮ್ಮಸ್ಸಿನಲ್ಲಿ ಆ ಸರಣಿಯ ಹಿಂದಿನ ಆಟ ಮಾರೋವಿಂಡ್‌ಗೆ ಕೈ ಹಾಕಿದ್ದೀಯ ಅಂತ ತಿಳಿದು ತುಂಬಾ ಖುಷಿಯಾಯಿತು. ಅದರ ಕೆಳಗೇ ಇನ್ನೊಂದು ಸಾಲು ಇತ್ತು: "ಎಲ್ಲಿಗೆ ಹೋಗಬೇಕು ಅಂತಾನೇ ಗೊತ್ತಾಗ್ತಿಲ್ಲ ಮಾರಾಯಾ, ಒಂದು ಒಳ್ಳೆ ಗೈಡ್ ಇದ್ರೆ ಕಳಿಸು."

ಗೈಡ್ ಕಳಿಸಲ್ಲ. ಅದರ ಬದಲು ಈ ಪತ್ರ. ನಿನ್ನ ಹಾಗೆ ಹಳೆಯ ಆಟಗಳ ಕಡೆ ಹೊರಳಿದ ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ.

ಆಟದಲ್ಲಿ ನೀನೀಗ ನಿಂತಿರುವುದು ಬಾಲ್ಮೋರಾ ಊರಿನಲ್ಲಿ. ಫೈಟರ್ಸ್ ಗಿಲ್ಡ್ ಅನ್ನುವ ಯೋಧರ ಸಂಘದ ಹಸ್ಫಾತ್ ಆಂಟಬೋಲಿಸ್ ನಿನಗೊಂದು ಕೆಲಸ ಹೇಳಿದ್ದಾನೆ: ಆರ್ಕಂಗ್‌ಥಾಂಡ್ ಎಂಬ, ಡ್ವೆಮರ್ ಅನ್ನುವ ಹಳೆಯ ಜನಾಂಗದ ಪಾಳುಬಿದ್ದ ಕೋಟೆಯಿಂದ ಒಂದು ಚಿಕ್ಕ ಪೆಟ್ಟಿಗೆ ತರಬೇಕು. ಕೆಲಸ ಹೇಳಿ ಸುಮ್ಮನಾಗಿಲ್ಲ, ದಾರಿಯನ್ನೂ ಹೇಳಿದ್ದಾನೆ. ಕೆಲಸಗಳೆಲ್ಲ ದಾಖಲಾಗುವ ಆಟದ ದಿನಚರಿ, ಅಂದರೆ ಜರ್ನಲ್ ತೆಗೆದು ಇನ್ನೊಮ್ಮೆ ನಿಧಾನವಾಗಿ ಓದು. ಊರಿಂದ ದಕ್ಷಿಣಕ್ಕೆ ಹೊರಡು, ಓಡಾಯ್ ನದಿ ದಾಟು, ದಾಟಿದ ಕೂಡಲೇ ಕೈಮರ ನೋಡಿಕೊಂಡು ಉತ್ತರಕ್ಕೆ ತಿರುಗು, ಆಮೇಲೆ ಪೂರ್ವಕ್ಕೆ ಏರುತ್ತಾ ಮೂನ್‌ಮಾತ್ ಕೋಟೆ ದಾಟು, ಮುಂದೆ ಒಂದು ಹಳೆಯ ಸೇತುವೆ ಸಿಗುತ್ತದೆ. ಹೆಚ್ಚುಕಡಿಮೆ ಇಷ್ಟೇ. ನಮ್ಮ ಕಡೆ ಬಸ್ ಇಳಿದವರಿಗೆ ಚಹಾ ಅಂಗಡಿಯವರು "ಆ ಅರಳಿಕಟ್ಟೆ ಹತ್ರ ಎಡಕ್ಕೆ ಹೊರಳಿ, ಅಲ್ಲಿ ಯಾರನ್ನಾದ್ರೂ ಕೇಳಿ" ಅಂತ ಹೇಳುವುದಿಲ್ಲವಾ, ಅದೇ ಧಾಟಿ.

ಒಬ್ಲಿವಿಯನ್‌ನಿಂದ ನೇರವಾಗಿ ಬಂದಿದ್ದರಿಂದ ನಿನಗೆ ಇದು ಗೊಂದಲ. ಅಲ್ಲಿ ದಿಕ್ಸೂಚಿಯ ಮೇಲೆ ಒಂದು ಗುರುತು ಇರುತ್ತದೆ, ಅದರ ಕಡೆ ಮುಖ ಮಾಡಿ ನಡೆದರೆ ಆಯಿತು. 2002ರ ಮಾರೋವಿಂಡ್ ಮತ್ತು 2006ರ ಒಬ್ಲಿವಿಯನ್ ನಡುವೆ ನಾಲ್ಕೇ ವರ್ಷ. ಎರಡನ್ನೂ ಮಾಡಿದ್ದು ಬೆಥೆಸ್ಡಾ ಕಂಪನಿಯವರೇ. ಆದರೆ ಆ ಒಂದು ಗುರುತು ಆಟವನ್ನೇ ಬದಲಾಯಿಸಿಬಿಟ್ಟಿತು ಅಂತ ನನ್ನ ಗಟ್ಟಿ ನಂಬಿಕೆ.

ಆ ಗುರುತು ಇದ್ದರೆ ಕಣ್ಣು ಅದರ ಮೇಲೇ ಇರುತ್ತದೆ. ಇಲ್ಲದಿದ್ದರೆ ಕಣ್ಣು ನೆಲ ನೋಡುತ್ತದೆ. ಕೋಟೆ ಬಂತಾ, ಸೇತುವೆ ಬಂತಾ, ಈ ಕಮರಿಯೇ ಅವನು ಹೇಳಿದ್ದಾ ಅಂತ ಹುಡುಕುತ್ತದೆ. ಆ ಸೇತುವೆಯ ಮೇಲೆ ನಿಂತು ಒಮ್ಮೆ ಕೆಳಗೆ ನೋಡು. ಅದು ಫೊಯಾಡಾ ಮಾಮೇಯಾ. ಕೆಂಪು ಬೆಟ್ಟದಿಂದ ಲಾವಾ ಹರಿದು ಕೊರೆದ ಕಮರಿ, ಬೂದಿ ಬಣ್ಣದ್ದು, ಹುಲ್ಲು ಕಾಣದು. ಬೂದಿಗಾಳಿ ಎದ್ದರೆ ದಾರಿಯಲ್ಲಿರುವವರು ತೋಳನ್ನು ಕಣ್ಣಿಗೆ ಅಡ್ಡ ಹಿಡಿದು ನಡೆಯುತ್ತಾರೆ. ಅಂದರೆ ಆಟ ನಡೆಯುವ ದ್ವೀಪದ ನಡುವಿನ ಈ ಜ್ವಾಲಾಮುಖಿ ಬರೀ ಕಥೆಯಲ್ಲಿ ಇರುವುದಲ್ಲ, ನೀನು ನಡೆಯುವ ನೆಲದಲ್ಲೇ ಅದರ ಗಾಯವಿದೆ. ಮುಂದೆ ಇದೇ ಕಮರಿ ಹಿಡಿದು ಉತ್ತರಕ್ಕೆ ನಡೆದರೆ ಎಲ್ಲಿಗೆ ಮುಟ್ಟುತ್ತೀಯ ಅಂತ ಈಗ ಹೇಳುವುದಿಲ್ಲ. ಆದರೆ ಆ ದಾರಿ ನೆನಪಿಟ್ಟುಕೋ, ಬೇಕಾಗುತ್ತದೆ.

ಕೋಟೆಯ ಬಾಗಿಲು ತಳ್ಳಿದರೆ ತೆರೆಯುವುದಿಲ್ಲ. ಹತ್ತಿರದ ಕೊಳವೆಯೊಂದರ ಮೇಲೆ ತಿರುಗಿಸುವ ಹಿಡಿ ಇದೆ. ಅದನ್ನೂ ಆಂಟಬೋಲಿಸ್ ಹೇಳಿದ್ದಾನೆ, ಗಮನಿಸು. ಒಳಗೆ ಪೆಟ್ಟಿಗೆ ಎಲ್ಲಿದೆ ಅಂತ ಮಾತ್ರ ನನ್ನ ಬಾಯಿಂದ ಬರುವುದಿಲ್ಲ. ಬಹಳ ಚಿಕ್ಕದು, ಕಪಾಟಿನಲ್ಲಿರುವ ಹಿತ್ತಾಳೆ ಬಣ್ಣದ ಸಾಮಾನುಗಳ ನಡುವೆ ಒಂದಾಗಿ ಕೂತಿದೆ. ತುಂಬಾ ಜನ ಅದರ ಮುಂದೆಯೇ ಹಾದು ಹೋಗಿರುತ್ತಾರೆ. ನೀನು ಹುಡುಕು.

ಇದೆಲ್ಲ ಹೀಗೆ ಯಾಕೆ ಇದೆ ಅಂದರೆ, ಇದರ ಮುಖ್ಯ ವಿನ್ಯಾಸಕಾರ ಕೆನ್ ರೋಲ್‌ಸ್ಟನ್ ಕಂಪ್ಯೂಟರ್ ಆಟಗಳಿಗೆ ಬರುವ ಮೊದಲು ಕಾಗದ, ಪೆನ್ಸಿಲ್, ದಾಳ ಹಿಡಿದು ಮೇಜಿನ ಸುತ್ತ ಕೂತು ಆಡುವ ಆಟಗಳಿಗೆ ಬರೆಯುತ್ತಿದ್ದವರು. ಅಲ್ಲಿ ಎಲ್ಲವೂ ಮಾತಿನಲ್ಲೇ. ಒಬ್ಬ ವಿವರಿಸುತ್ತಾನೆ, ಉಳಿದವರು ಕೇಳಿ ಮನಸ್ಸಿನಲ್ಲಿ ಚಿತ್ರ ಕಟ್ಟಿಕೊಳ್ಳುತ್ತಾರೆ. ಆ ಗುಣ ಮಾರೋವಿಂಡ್‌ನಲ್ಲೂ ಇದೆ. ನಿನ್ನ ಇನ್ನೊಂದು ಸಿಟ್ಟಿಗೂ ಕಾರಣ ಅಲ್ಲೇ ಸಿಗುತ್ತದೆ: ಕತ್ತಿ ಎದುರಾಳಿಗೆ ತಾಗಿದ್ದು ಕಣ್ಣಿಗೆ ಕಾಣುತ್ತದೆ, ಆದರೂ ಪೆಟ್ಟು ಬೀಳುವುದಿಲ್ಲ. ಏಕೆಂದರೆ ಒಳಗೆ ದಾಳ ಉರುಳುತ್ತಿರುತ್ತದೆ. ನಿನ್ನ ಪಾತ್ರಕ್ಕೆ ಯಾವ ಆಯುಧದ ಅಭ್ಯಾಸ ಇದೆಯೋ ಅದನ್ನೇ ಹಿಡಿ. ಮತ್ತೆ ಆ ಹಸಿರು ಪಟ್ಟಿ ನೋಡಿಕೋ, ಅದು ದಣಿವಿನ ಲೆಕ್ಕ. ಓಡಿಕೊಂಡೇ ಹೋಗಿ ಜಗಳಕ್ಕೆ ಬಿದ್ದರೆ ಪಟ್ಟಿ ಖಾಲಿಯಾಗಿರುತ್ತದೆ, ಹೊಡೆದ ಏಟೆಲ್ಲ ಗಾಳಿಗೆ. ಎದುರಾಳಿ ಕಂಡ ಕೂಡಲೇ ಒಂದು ಕ್ಷಣ ನಿಲ್ಲು, ಉಸಿರು ತಿರುಗಿಸಿಕೋ, ಆಮೇಲೆ ಮುಂದೆ ಹೋಗು. ಇಷ್ಟು ಮಾಡಿದರೆ ಅರ್ಧ ತೊಂದರೆ ಹೋಗುತ್ತದೆ.

"ಹಾಗಾದರೆ ಒಬ್ಲಿವಿಯನ್ ಆದ ಮೇಲೆ ಬಂದ ಸ್ಕೈರಿಮ್‌ನಲ್ಲಿ ಗುರುತು ಆಫ್ ಮಾಡಿಕೊಂಡು ಆಡಬಹುದಲ್ಲ" ಅಂತ ನೀನು ಕೇಳಬಹುದು. ಆಗಲ್ಲ ಕಣೋ. 2011ರಲ್ಲಿ ಅದು ಬರುವ ಹೊತ್ತಿಗೆ ಆಟದೊಳಗಿನ ಜನ ದಾರಿ ಹೇಳುವುದನ್ನೇ ಹೆಚ್ಚುಕಡಿಮೆ ಬಿಟ್ಟಿದ್ದರು. "ಆ ಗುಹೆಯಲ್ಲಿ ನನ್ನ ಕತ್ತಿ ಇದೆ, ತಂದುಕೊಡು" ಅನ್ನುತ್ತಾರೆ, ಗುಹೆ ಯಾವ ಕಡೆ ಅಂತ ಹೇಳುವುದಿಲ್ಲ. ಗುರುತು ಹೇಗೂ ಇದೆಯಲ್ಲ ಅಂತ ಬರೆದ ಮಾತು ಅದು. ಗುರುತು ತೆಗೆದರೆ ಮಾತಿನಲ್ಲಿ ಏನೂ ಉಳಿಯುವುದಿಲ್ಲ. ಸ್ಕೈರಿಮ್ ಅಂದರೆ ನನಗೂ ಪ್ರೀತಿಯೇ. ಹಿಮ ಬೀಳುವಾಗ ಜೆರೆಮಿ ಸೋಲ್ ಅವರ ಸಂಗೀತ ಕೇಳಿಕೊಂಡು ಸುಮ್ನೆ ಅಲೆದದ್ದಕ್ಕೆ ಲೆಕ್ಕವಿಲ್ಲ. ಆದರೆ ಅಲ್ಲಿನ ಊರುಗಳ ದಾರಿ ನನಗೆ ಬಾಯಿಪಾಠ ಇಲ್ಲ. ಬಾಲ್ಮೋರಾ ದಾರಿ ಇದೆ.

ದೊಡ್ಡ ಪ್ರಪಂಚ ಅಂದರೇನೇ ಓಪನ್ ವರ್ಲ್ಡ್, ಅಂದರೆ ಬೇಕಾದ ಕಡೆ ಅಲೆಯುವ ಆಟ, ಅಂತ ಜಾಹೀರಾತುಗಳು ನಮ್ಮನ್ನು ನಂಬಿಸಿವೆ ಅಲ್ವಾ? ಇದೇ ಎಲ್ಡರ್ ಸ್ಕ್ರೋಲ್ಸ್ ಸರಣಿಯ 1996ರ ಡ್ಯಾಗರ್‌ಫಾಲ್ ನೋಡು. ಗ್ರೇಟ್ ಬ್ರಿಟನ್‌ನಷ್ಟು ವಿಸ್ತಾರ ಅಂತ ಹೇಳುತ್ತಾರೆ. ಊರು, ಗುಡಿ, ನೆಲಮಾಳಿಗೆ ಎಲ್ಲ ಸೇರಿ ಸಾವಿರಾರು. ಹೆಚ್ಚಿನದೆಲ್ಲ ಕಂಪ್ಯೂಟರ್ ಲೆಕ್ಕ ಹಾಕಿ ಹುಟ್ಟಿಸಿದ್ದು, ಹಾಗಾಗಿ ಒಂದು ಊರಿಗೂ ಇನ್ನೊಂದು ಊರಿಗೂ ಅಷ್ಟು ವ್ಯತ್ಯಾಸ ಕಾಣದು. ಮಾರೋವಿಂಡ್‌ನಲ್ಲಿ ಅದಕ್ಕೆ ಹೋಲಿಸಿದರೆ ಚಿಕ್ಕ ಒಂದೇ ದ್ವೀಪ. ಆದರೆ ಬಂಡೆ, ದೀಪ, ಮೇಜಿನ ಮೇಲಿನ ತಟ್ಟೆ ಎಲ್ಲ ಮನುಷ್ಯರ ಕೈಯಿಂದ ಇಟ್ಟದ್ದು. ಅಂದಿನ ಕಂಪ್ಯೂಟರ್‌ಗಳಿಗೆ ದೂರದ್ದು ತೋರಿಸುವ ಶಕ್ತಿ ಇರಲಿಲ್ಲ ಅಂತ ಮಂಜು ಹಾಕಿದ್ದರು. ಆ ಮಂಜಿನಿಂದ ದ್ವೀಪ ಇನ್ನೂ ದೊಡ್ಡದಾಗಿ ಕಾಣುತ್ತದೆ. ಓಪನ್‌ಎಂಡಬ್ಲ್ಯೂ ಅಂತ ಅಭಿಮಾನಿಗಳು ಹೊಸದಾಗಿ ಬರೆದ ಎಂಜಿನ್, ಅಂದರೆ ಆಟ ಓಡಿಸುವ ತಂತ್ರಾಂಶ ಇದೆ, ಅದರಲ್ಲೇ ಆಡು, ಕಿರಿಕಿರಿ ಕಡಿಮೆ. ಆದರೆ ಅದರಲ್ಲಿ ನೋಟದ ದೂರವನ್ನು ಪೂರ್ತಿ ಏರಿಸಬೇಡ. ಮಂಜು ತೆಗೆದರೆ ಬಹಳ ದೂರ ಅಂದುಕೊಂಡ ಊರು ಪಕ್ಕದ ಗುಡ್ಡದ ಆಚೆಯೇ ಕಾಣಿಸುತ್ತದೆ.

ಈಚಿನ ಆಟಗಳಲ್ಲೂ ಇದನ್ನು ಅರ್ಥ ಮಾಡಿಕೊಂಡವರಿದ್ದಾರೆ. 2017ರ ಜೆಲ್ಡಾ, ಅಂದರೆ ಬ್ರೆತ್ ಆಫ್ ದಿ ವೈಲ್ಡ್, ಮಾಡಿದ ನಿಂಟೆಂಡೋ ತಂಡದವರು ಜಪಾನಿನ ಒಂದು ಸಮ್ಮೇಳನದಲ್ಲಿ ತಮ್ಮ ಯೋಚನೆ ವಿವರಿಸಿದ್ದರು. ಗುಡ್ಡವನ್ನು ತ್ರಿಕೋನದ ಹಾಗೆ ಇಟ್ಟರೆ ಅದರ ಹಿಂದೆ ಏನೋ ಮರೆಯಾಗುತ್ತದೆ. ಹತ್ತಲೋ, ಸುತ್ತಿ ಹೋಗಲೋ ಅಂತ ಆಡುವವನೇ ನಿರ್ಧಾರ ಮಾಡಬೇಕು. ಗೋಪುರ ಹತ್ತಿದ ಮೇಲೂ ಅಲ್ಲಿ ನೋಡಬೇಕಾದ್ದಕ್ಕೆ ಗುರುತು ಹಾಕುವವನು ನೀನೇ. 2022ರ ಎಲ್ಡನ್ ರಿಂಗ್‌ನಲ್ಲಿ ಕೆಲಸಗಳ ಪಟ್ಟಿಯೇ ಇಲ್ಲ, ಯಾರು ಏನಂದರು ಅಂತ ನೀನೇ ನೆನಪಿಡಬೇಕು. ಹೊರಗೆ ಕಾಲಿಟ್ಟ ತಕ್ಷಣ ಚಿನ್ನದ ಕವಚದ ಕುದುರೆ ಸವಾರ ಕಾಣುತ್ತಾನೆ. ಅವನ ಜೊತೆ ಈಗಲೇ ಹೊಡೆದಾಡಬೇಕಾಗಿಲ್ಲ, ಬದಿಯಿಂದ ಹೋಗಬಹುದು ಅಂತ ಯಾರೂ ಹೇಳಿಕೊಡುವುದಿಲ್ಲ. ದಿ ವಿಚರ್ 3 ವಿಷಯ ಬೇರೆ. ಅದರ ಬ್ಲಡಿ ಬ್ಯಾರನ್ ಕಥೆಯಷ್ಟು ಚೆನ್ನಾಗಿ ಬರೆದದ್ದು ಈ ಜಾತಿಯ ಆಟಗಳಲ್ಲಿ ನಾನು ಕಂಡಿಲ್ಲ. ಆದರೆ ಅದೇ ಆಟದ ಸ್ಕೆಲಿಗೆ ದ್ವೀಪಗಳ ಸುತ್ತಲಿನ ಸಮುದ್ರದ ತುಂಬಾ ನಕ್ಷೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು. ಒಂದೊಂದಕ್ಕೂ ದೋಣಿ ಹೊಡೆದುಕೊಂಡು ಹೋದರೆ ನೀರಿನಲ್ಲಿ ತೇಲುವ ಪೀಪಾಯಿಗಳು. ಅಷ್ಟು ದೊಡ್ಡ ಕಥೆ ಬರೆದವರು ಸಮುದ್ರಕ್ಕೆ ಇಷ್ಟೇ ಕೊಟ್ಟರಲ್ಲ ಅಂತ ಈಗಲೂ ಬೇಜಾರು.

ಮಾರೋವಿಂಡ್‌ಗೆ ವಾಪಸ್ ಬರುತ್ತೇನೆ. ಆಟ ಶುರುವಾಗುವ ಹಳ್ಳಿ ಸೇಡಾ ನೀನ್‌ನಿಂದ ಬಾಲ್ಮೋರಾಗೆ ನೀನು ಸಿಲ್ಟ್ ಸ್ಟ್ರೈಡರ್ ಹತ್ತಿ ಬಂದೆ ಅಂತ ಬರೆದಿದ್ದೀಯ. ಆ ದೈತ್ಯ ಹುಳುವಿನ ಬೆನ್ನ ಮೇಲಿನ ಸವಾರಿ ಒಳ್ಳೆಯದೇ. ಆದರೆ ಒಮ್ಮೆ ವಾಪಸ್ ಹೋಗಿ ಆ ದಾರಿಯನ್ನು ನಡೆದುಕೊಂಡೇ ಬಾ. ಸೇಡಾ ನೀನ್ ದಾಟಿ ಸ್ವಲ್ಪ ದೂರ ಬಂದರೆ ಆಕಾಶದಿಂದ ಕಿರುಚುತ್ತಾ ಒಬ್ಬ ಮನುಷ್ಯ ಬೀಳುತ್ತಾನೆ. ನಿನ್ನ ಕಣ್ಣೆದುರೇ ಬಿದ್ದು ಸಾಯುತ್ತಾನೆ. ಅವನ ಹತ್ತಿರ ಒಂದು ದಿನಚರಿ ಇದೆ, ಮೂರು ಮಂತ್ರದ ಸುರುಳಿಗಳಿವೆ. ಓದಿದರೆ ಅವನು ಯಾಕೆ ಬಿದ್ದ ಅಂತ ಗೊತ್ತಾಗುತ್ತದೆ. ಆ ಸುರುಳಿಯನ್ನು ನೀನೂ ಬಳಸಬಹುದು. ಒಂದೇ ನೆಗೆತಕ್ಕೆ ಅರ್ಧ ದ್ವೀಪ ದಾಟುತ್ತೀಯ. ಇಳಿಯುವುದು ಹೇಗೆ ಅಂತ ಮೊದಲೇ ಯೋಚನೆ ಮಾಡಿಕೋ, ಅವನು ಮಾಡಲಿಲ್ಲ. ಯಾರೂ ನಿನಗೆ "ಅಲ್ಲಿ ಹೋಗು" ಅನ್ನುವುದಿಲ್ಲ, ಯಾವ ಪಟ್ಟಿಯಲ್ಲೂ ಇದು ಬರುವುದಿಲ್ಲ. ದಾರಿಯಲ್ಲಿ ನಡೆದವನಿಗೆ ಸಿಗುತ್ತದೆ, ಅಷ್ಟೇ.

ಇನ್ನೊಂದು ಎಚ್ಚರಿಕೆ. ಇಲ್ಲಿ ಯಾರನ್ನು ಬೇಕಾದರೂ ಕೊಲ್ಲಬಹುದು. ಒಬ್ಲಿವಿಯನ್‌ನಲ್ಲಿ ಕಥೆಗೆ ಬೇಕಾದವರು ಪ್ರಜ್ಞೆ ತಪ್ಪಿ ಬಿದ್ದು ಮತ್ತೆ ಎದ್ದು ಕೂರುತ್ತಾರಲ್ಲ, ಇಲ್ಲಿ ಹಾಗಿಲ್ಲ. ಸತ್ತರೆ ಸತ್ತರು. ವಿಧಿಯ ಎಳೆ ಕಡಿದುಹೋಯಿತು, ಮೊದಲೇ ಉಳಿಸಿಟ್ಟ ಹಳೆಯ ಸೇವ್‌ಗೆ ವಾಪಸ್ ಹೋಗು, ಇಲ್ಲವಾದರೆ ನೀನೇ ಕೆಡಿಸಿದ ಈ ಲೋಕದಲ್ಲಿ ಇರು ಅಂತ ಆಟ ಹೇಳುತ್ತದೆ. ಆಟವಾಡುವವನ ಮೇಲೆ ಇಷ್ಟು ಗೌರವ ಇಟ್ಟ ಮಾತು ನನಗೆ ಬೇರೆಲ್ಲೂ ಸಿಕ್ಕಿಲ್ಲ. ನೀನು ಮಾಡಿದ್ದಕ್ಕೆ ನೀನೇ ಹೊಣೆ ಅಂತ ನೇರವಾಗಿ ಹೇಳುತ್ತದೆ. ಸೇವ್‌ಗಳನ್ನು ಮಾತ್ರ ಬೇರೆ ಬೇರೆ ಹೆಸರಿನಲ್ಲಿ ಇಟ್ಟುಕೋ.

ಗೈಡ್ ಬೇಡ ಅಂದೆ, ಆದರೆ ನಕ್ಷೆ ಬೇಕು. ಹಿಂದೆ ಆಟದ ಡಬ್ಬಿಯಲ್ಲೇ ದ್ವೀಪದ ಕಾಗದದ ನಕ್ಷೆ ಬರುತ್ತಿತ್ತು. ಅದರ ಚಿತ್ರ ಹುಡುಕಿ ಪ್ರಿಂಟ್ ತೆಗೆಸಿ ಪಕ್ಕದಲ್ಲಿ ಇಟ್ಟುಕೋ, ಪೆನ್ಸಿಲ್‌ನಲ್ಲಿ ಬರೆದುಕೋ. ಕೆಲವು ಕಡೆ ಆಟದವರೇ ದಾರಿ ತಪ್ಪಾಗಿ ಬರೆದಿದ್ದಾರೆ, ಪೂರ್ವ ಅನ್ನಬೇಕಾದಲ್ಲಿ ಪಶ್ಚಿಮ. ಅಂಥಲ್ಲಿ ಸಿಕ್ಕಿಹಾಕಿಕೊಂಡರೆ ನನಗೆ ಫೋನ್ ಮಾಡು. ಉತ್ತರ ಹೇಳಿಬಿಡುವುದಿಲ್ಲ, ನಿನ್ನ ಸುತ್ತ ಏನು ಕಾಣುತ್ತಿದೆ ಅಂತ ಕೇಳುತ್ತೇನೆ, ಮಾತಾಡುತ್ತಾ ಹುಡುಕೋಣ. ಈ ಆಟಗಳಲ್ಲಿ ಅರ್ಧ ಸುಖ ಇರುವುದೇ ಹಾಗೆ ಮಾತಾಡುವುದರಲ್ಲಿ. ನಿನಗೆ ಸಿಕ್ಕಿದ ಗುಹೆ ನನಗೆ ಸಿಕ್ಕಿರುವುದಿಲ್ಲ, ನಾನು ಮಾತಾಡಿಸಿದವನನ್ನು ನೀನು ಕಂಡೇ ಇರುವುದಿಲ್ಲ. ಗೈಡ್ ನೋಡಿದರೆ ಇಬ್ಬರ ಹತ್ತಿರವೂ ಒಂದೇ ಕಥೆ ಇರುತ್ತದೆ, ಆಮೇಲೆ ಹೇಳಿಕೊಳ್ಳುವುದಕ್ಕೆ ಏನಿದೆ?

ಸ್ವಲ್ಪ ಮುಂದೆ ಹೋದ ಮೇಲೆ ಮೂರು ಮನೆತನಗಳಲ್ಲಿ ಒಂದನ್ನು ಆರಿಸಿ ಸೇರಬಹುದು. ಹ್ಲಾಲು ವ್ಯಾಪಾರಿಗಳು, ರೆಡೋರಾನ್ ಯೋಧರು, ತೆಲ್ವಾನಿ ಮಾಂತ್ರಿಕರು. ತೆಲ್ವಾನಿಗಳು ದೈತ್ಯ ಅಣಬೆಗಳನ್ನು ಬೆಳೆಸಿ ಅದರೊಳಗೆ ಇರುತ್ತಾರೆ. ದೊಡ್ಡ ಮಾಂತ್ರಿಕನನ್ನು ನೋಡಬೇಕು ಅಂದರೆ ಮೆಟ್ಟಿಲು ಇಲ್ಲ, ಗಾಳಿಯಲ್ಲಿ ತೇಲಿ ಮೇಲೆ ಹೋಗಬೇಕು. ಆ ತೇಲುವ ಮಂತ್ರವನ್ನು ಒಬ್ಲಿವಿಯನ್‌ನಲ್ಲಿ ತೆಗೆದೇಬಿಟ್ಟರು, ಏಕೆಂದರೆ ಅಲ್ಲಿ ಊರುಗಳನ್ನು ಗೋಡೆಯೊಳಗೆ ಬೇರೆಯಾಗಿಯೇ ಲೋಡ್ ಮಾಡುತ್ತಾರೆ, ಮೇಲಿಂದ ಹಾರಿ ಬಂದರೆ ಊರೇ ಇರುವುದಿಲ್ಲ. ಇಲ್ಲಿ ಹಾರಬಹುದು. ನಾನಂತೂ ಯಾವಾಗಲೂ ತೆಲ್ವಾನಿ ಕಡೆ. ನೀನು ರೆಡೋರಾನ್ ಸೇರು, ನಿನ್ನ ಸ್ವಭಾವಕ್ಕೆ ಅದೇ ಸರಿ. ಸೇರಿದ ಮೇಲೆ ಆಲ್ಡ್‌ರೂನ್‌ನಲ್ಲಿ ಅವರ ಮುಖ್ಯರು ಎಂಥ ಚಿಪ್ಪಿನೊಳಗೆ ಮನೆ ಮಾಡಿಕೊಂಡಿದ್ದಾರೆ ಅಂತ ನೋಡಿ ಬರೆ.

ನಿನ್ನ ಗೆಳೆಯ