ಬಾಗಿದ ಕ್ಷೌರದ ಕತ್ತಿ ಮಸೆಯುವ ಮುಂಚೆ

ಹಳೇ ಕ್ಷೌರದ ಕತ್ತಿ ಕೊಂಡವರು ದಯವಿಟ್ಟು ಓದಿ. ಕತ್ತಿಯನ್ನು ಗಾಜಿನ ಮೇಲೆ ಮಲಗಿಸಿ ಮೆಲ್ಲಗೆ ಒತ್ತಿ. ಟಕ್ ಟಕ್ ಅಂತ ಅಲ್ಲಾಡಿದರೆ ಅಲಗು ಬಾಗಿದೆ. ಅಂಚಿಗೆ ಮಾರ್ಕರ್ ಬಳಿದು ಸಾಣೆಕಲ್ಲಿನ ಮೇಲೆ ನಾಲ್ಕೇ ಸಲ ಎಳೆಯಿರಿ; ಮಸಿ ಉಳಿದ ಕಡೆ ಕಲ್ಲು ತಾಗಿಲ್ಲ ಅಂತ ಅರ್ಥ. ನನ್ನ ಕತ್ತಿಯಲ್ಲಿ ಒಂದು ಮಗ್ಗುಲಲ್ಲಿ ನಡುವಿನ ಮಸಿ ಮಾತ್ರ ಹೋಯಿತು, ಇನ್ನೊಂದರಲ್ಲಿ ಎರಡು ಕೊನೆಗಳದ್ದು ಮಾತ್ರ.

ಇಂಥದ್ದಕ್ಕೆ ಅಗಲವಾದ ಕಲ್ಲು ಬೇಡ. ಒಂದು ಇಂಚಿನ ಕಲ್ಲು ಸಾಕು. ಹಿಡಿಯ ಕಡೆಯಿಂದ ತುದಿಯವರೆಗೆ ಓರೆಯಾಗಿ ಎಳೆಯುತ್ತಾ ಮಣಿಕಟ್ಟನ್ನು ಚೂರು ಚೂರೇ ತಿರುಗಿಸಿ. ಕತ್ತಿಯ ಬೆನ್ನು, ಅಂದರೆ ಅಂಚಿನ ಎದುರಿನ ದಪ್ಪ ಭಾಗ, ಕಲ್ಲು ಬಿಟ್ಟು ಏಳಬಾರದು. 1000 ಗ್ರಿಟ್ ಕಲ್ಲಿನಲ್ಲಿ (ಗ್ರಿಟ್ ಅಂದರೆ ಕಲ್ಲಿನ ನುಣುಪಿನ ಅಳತೆ) ಮಸಿ ಉದ್ದಕ್ಕೂ ಅಳಿಯುವ ತನಕ ಮುಂದಿನ ನುಣುಪು ಕಲ್ಲಿಗೆ ಹೋಗಬೇಡಿ. ಒತ್ತಿ ತಿಕ್ಕಿದರೆ ಸುಮ್ನೆ ಉಕ್ಕು ಸವೆಯುತ್ತದೆ. ಕೈಯಿಂದ ಬಗ್ಗಿಸಿ ನೇರ ಮಾಡುವುದಂತೂ ಬೇಡವೇ ಬೇಡ, ಪಟ್ಟನೆ ಮುರಿಯುತ್ತದೆ.

ಮಸಿ ಎಲ್ಲಿ ಉಳಿಯಿತು ಅಂತ ಫೋಟೋ ಹಾಕಿ, ಒಟ್ಟಿಗೆ ನೋಡೋಣ.