ನನ್ನ ಮಗನ ಡೈನೋಸಾರ್ ಲೋಟದಲ್ಲಿ ವೋಡ್ಕಾ ಇತ್ತು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ನಿಮ್ಮ ಥೀಮ್ ಪಾರ್ಕಿನಲ್ಲಿ ಒಂಬತ್ತು ವರ್ಷದ ಮಗುವಿಗೆ ಮದ್ಯ ಕೊಟ್ಟಿದ್ದು, ಆಮೇಲೆ ನಮ್ಮನ್ನೇ ಅವಮಾನ ಮಾಡಿದ್ದು.

ಮೇಡಂ, ನಮಸ್ಕಾರ.

ಇಲ್ಲಿಯವರೆಗೆ ಮೂರು ಸಲ ಫೋನ್ ಮಾಡಿದ್ದೇನೆ. ಇಂಗ್ಲಿಷಿನಲ್ಲಿ ಎರಡು ಇಮೇಲ್ ಹಾಕಿದ್ದೇನೆ. ಮೂರನೇ ಫೋನಿನಲ್ಲಿ ನನ್ನ ಹಿಂದಿ ಕೇಳಿ ನೀವೇ "ಸರ್, ನೀವು ಕನ್ನಡದವರಾ?" ಅಂದಿರಿ. ನಮ್ಮ ಕಡೆಯವರು ಸಿಕ್ಕರು, ಇನ್ನು ಮಾತು ಅರ್ಥ ಆಗುತ್ತದೆ ಅಂತ ಅವತ್ತು ಸಮಾಧಾನ ಆಗಿತ್ತು. "ಎರಡು ದಿನದಲ್ಲಿ ವಿಚಾರಿಸಿ ಹೇಳ್ತೀನಿ" ಅಂದಿರಿ. 17 ದಿನ ಆಯಿತು. ನಿಮ್ಮಿಂದ ಸುದ್ದಿ ಇಲ್ಲ. ನಿನ್ನೆ ಮಾತ್ರ ನನ್ನ ಹೆಂಡತಿಯ ಮೊಬೈಲಿಗೆ ನಿಮ್ಮ ಪಾರ್ಕಿನ ಮೆಸೇಜ್ ಬಂತು. "ಫ್ಯಾಮಿಲಿ ಜೊತೆ ಬನ್ನಿ. ಸಂಜೆ 4ರಿಂದ 6 ಹ್ಯಾಪಿ ಅವರ್ಸ್. ಒಂದು ಕಾಕ್‌ಟೇಲ್ ತಗೊಂಡರೆ ಇನ್ನೊಂದು ಫ್ರೀ." ಅದನ್ನು ಓದಿ ಅವಳು ಅತ್ತಳು. ಅದಕ್ಕೇ ಈ ಪತ್ರ. ಕನ್ನಡದಲ್ಲೇ ಬರೆಯುತ್ತಿದ್ದೇನೆ, ನೀವು ಪೂರ್ತಿ ಓದಲಿ ಅಂತ.

ಕಳೆದ ತಿಂಗಳ ಎರಡನೇ ಶನಿವಾರ ನಾವು ಐದು ಜನ ಮುಂಬೈ ಹತ್ತಿರದ ಡೊಂಬಿವಲಿಯಿಂದ ಬಂದಿದ್ದೆವು. ನಾನು, ಹೆಂಡತಿ, ಒಂಬತ್ತು ವರ್ಷದ ಮಗ, ಹುಬ್ಬಳ್ಳಿಯಿಂದ ರಜೆಗೆ ಬಂದಿದ್ದ ತಂಗಿಯ ಮಗಳು, ಮತ್ತೆ ನನ್ನ ಅಮ್ಮ. ಅಮ್ಮನಿಗೆ 71. ಶಿರಸಿಯಿಂದ ಮೊಮ್ಮಗನನ್ನು ನೋಡಲು ಬಂದವರು. ರೈಡ್ ಹತ್ತುವವರಲ್ಲ. ಮಕ್ಕಳು ಆಡುವುದನ್ನು ನೋಡುತ್ತೇನೆ ಅಂತ ಬಂದರು. ಅವರಿಗೂ ಪೂರ್ತಿ ಟಿಕೆಟ್ ತೆಗೆಸಿದಿರಿ, ತೆಗೆದೆ.

ಗೇಟಿನಲ್ಲಿ ನಿಮ್ಮ ಸೆಕ್ಯುರಿಟಿಯವರು ಅಮ್ಮನ ಚೀಲ ಬಿಚ್ಚಿಸಿದರು. ಸ್ಟೀಲ್ ಡಬ್ಬಿಯಲ್ಲಿ ಕೋಡುಬಳೆ ಇತ್ತು, ಬಾಟಲಿಯಲ್ಲಿ ಮಜ್ಜಿಗೆ. ಡಬ್ಬಿ ಮೇಲೆ ಎತ್ತಿ, ಮುಚ್ಚಳ ತೆಗೆದು, ಒಂದು ಕೋಡುಬಳೆ ಮುರಿದು ನೋಡಿದರು. ಮಜ್ಜಿಗೆ ಬಾಟಲಿಯ ಬಿರಡೆ ತೆಗೆದು ಮೂಸಿದರು. ಬೋರ್ಡ್ ತೋರಿಸಿದರು: ಹೊರಗಿನ ತಿಂಡಿ ಇಲ್ಲ, ಹೊರಗಿನ ಪಾನೀಯ ಇಲ್ಲ, ಮದ್ಯ ಇಲ್ಲ, ಕುಡಿದವರಿಗೆ ಪ್ರವೇಶ ಇಲ್ಲ. ನಾನು ಜಗಳ ಆಡಲಿಲ್ಲ. ನಿಯಮ ಅಂದರೆ ನಿಯಮ. ಮಜ್ಜಿಗೆ ಅಲ್ಲೇ ಚೆಲ್ಲಿದೆವು. ಮದ್ಯ ಇಲ್ಲ ಅನ್ನುವ ಆ ಸಾಲನ್ನು ನೋಡಿ ಅಮ್ಮನಿಗೆ "ಒಳ್ಳೆ ಜಾಗ" ಅಂತ ನಾನೇ ಹೇಳಿದ್ದೆ.

ಮಧ್ಯಾಹ್ನ ಅಲೆಗಳ ಕೊಳದ ಪಕ್ಕದ ಕೌಂಟರಿಗೆ ನಾನು ಹೋದೆ. ಮಕ್ಕಳಿಗೆ ಬ್ಲೂ ಲಗೂನ್ ಬೇಕಂತೆ. ನಿಮಗೆ ಗೊತ್ತಿರುತ್ತದೆ, ಆ ಹೆಸರಿನ ಮೂಲ ಪಾನೀಯದಲ್ಲಿ ವೋಡ್ಕಾ ಇರುತ್ತದೆ. ಆದರೆ ನಮ್ಮಲ್ಲಿ ಹೋಟೆಲ್, ಮದುವೆ, ಬರ್ತ್‌ಡೇ ಎಲ್ಲ ಕಡೆ ಅದೇ ಹೆಸರಿನಲ್ಲಿ ನೀಲಿ ಸಿರಪ್, ನಿಂಬೆ, ಸೋಡಾ ಹಾಕಿ ಮಕ್ಕಳಿಗೆ ಕೊಡುತ್ತಾರೆ. ನನ್ನ ಮಗ ಅದನ್ನು ಹತ್ತು ಸಲ ಕುಡಿದಿದ್ದಾನೆ. ಕೌಂಟರಿನ ಹುಡುಗ "ರೆಗ್ಯುಲರ್?" ಅಂದ. ಲೋಟ ಸಣ್ಣದಾ ದೊಡ್ಡದಾ ಅಂತ ಕೇಳುತ್ತಿದ್ದಾನೆ ಅಂದುಕೊಂಡು "ಹೂಂ, ಎರಡು" ಅಂದೆ. ನಿಮ್ಮ ಆ ಕೌಂಟರಿನಲ್ಲಿ ರೆಗ್ಯುಲರ್ ಅಂದರೆ ವೋಡ್ಕಾ ಹಾಕಿದ್ದು, ವರ್ಜಿನ್ ಅಂದರೆ ಹಾಕದೆ ಇದ್ದದ್ದು. ಇದು ಆಮೇಲೆ ಗೊತ್ತಾಯಿತು. ಒಂದು ಲೋಟಕ್ಕೆ 350 ರೂಪಾಯಿ. ಅಲ್ಲಿ ಎಲ್ಲವೂ ದುಬಾರಿ, ಬೆಲೆ ನೋಡಿ ಅನುಮಾನ ಬರಲಿಲ್ಲ.

ಕೊಟ್ಟಿದ್ದು ಯಾವುದರಲ್ಲಿ ಗೊತ್ತಾ ಮೇಡಂ? ಹಸಿರು ಡೈನೋಸಾರ್ ಲೋಟದಲ್ಲಿ. ಬಾಲದ ಹತ್ತಿರ ಹಿಡಿ, ತಲೆಯಿಂದ ಸುರುಳಿ ಸ್ಟ್ರಾ. ಬೆಳಗ್ಗೆ ಇದೇ ಮಕ್ಕಳು ಐಸ್ ಗೋಲಾ ಕುಡಿದಿದ್ದು ಅದೇ ಲೋಟದಲ್ಲಿ.

ಮಗ ಜೋರಾಗಿ ಎಳೆದ. ಮೂರು ಗುಟುಕು ಆಗಿರಬಹುದು. "ಅಪ್ಪಾ, ಗಂಟಲು ಉರೀತಿದೆ" ಅಂದ. ಸೋಡಾ ಜಾಸ್ತಿ ಆಗಿರಬೇಕು ಅಂದೆ. ಅಮ್ಮ ಲೋಟ ಕೈಗೆ ತಗೊಂಡು, ಮಗುವಿಗೆ ಏನು ಖಾರ ಆಯಿತು ನೋಡೋಣ ಅಂತ ತಾವೂ ಒಂದು ಗುಟುಕು ಕುಡಿದರು. ಜೀವನದಲ್ಲಿ ಒಂದು ದಿನ ಅದರ ವಾಸನೆ ಕಂಡವರಲ್ಲ. ದಿನಾ ಬೆಳಗ್ಗೆ ಸ್ನಾನ, ಪೂಜೆ ಆದ ಮೇಲೇ ಬಾಯಿಗೆ ನೀರು ಹಾಕುವವರು. ಕೊನೆಗೆ ನಾನು ಕುಡಿದು ನೋಡಿದೆ. ಕೈಕಾಲು ತಣ್ಣಗಾಯಿತು. ತಂಗಿಯ ಮಗಳು ಇನ್ನೂ ಸ್ಟ್ರಾ ಬಾಯಿಗೆ ಇಟ್ಟಿರಲಿಲ್ಲ, ಅಷ್ಟೇ ಪುಣ್ಯ.

ಪ್ರಥಮ ಚಿಕಿತ್ಸೆ ಕೋಣೆಗೆ ಮಗನನ್ನು ಎತ್ತಿಕೊಂಡು ಓಡಿದೆ. ಅಲ್ಲಿದ್ದ ಮರಾಠಿ ನರ್ಸ್ ತಕ್ಷಣ ಗ್ಲೂಕೋಸ್ ನೀರು ಕುಡಿಸಿದರು. ಚಿಕ್ಕ ಮಕ್ಕಳಿಗೆ ಆಲ್ಕೋಹಾಲ್ ಹೋದರೆ ರಕ್ತದ ಸಕ್ಕರೆ ಇಳಿಯಬಹುದು, ನಿದ್ದೆ ಮಾಡಲು ಬಿಡಬೇಡಿ, ಇನ್ನು ನೀರಿಗೆ ಇಳಿಸಬೇಡಿ ಅಂದರು. ಒಂದು ಗಂಟೆ ಅವನ ಕೈ ಹಿಡಿದು ಕೂತಿದ್ದರು. ನಿಮ್ಮ ಪಾರ್ಕಿನಲ್ಲಿ ಅವತ್ತು ನಮ್ಮನ್ನು ಮನುಷ್ಯರ ಹಾಗೆ ನೋಡಿದವರು ಅವರೊಬ್ಬರೇ. ನನ್ನ ನಮಸ್ಕಾರ ಅವರಿಗೆ ತಲುಪಿಸಿ.

ಆಮೇಲೆ ನಿಮ್ಮ ಗೆಸ್ಟ್ ರಿಲೇಷನ್ಸ್ ಡೆಸ್ಕ್. ಅಲ್ಲಿ ನಡೆದ ಮಾತನ್ನು ಒಂದೊಂದಾಗಿ ಬರೆಯುತ್ತೇನೆ. ಕ್ಯಾಮೆರಾ ನಮ್ಮ ತಲೆಯ ಮೇಲೇ ಇತ್ತು, ತೆಗೆದು ನೋಡಿ.

ಕಪ್ಪು ಕೋಟಿನ ಮ್ಯಾನೇಜರ್ ಲೋಟ ಮೂಸಿ "ಇದು ಬರೀ ಫ್ಲೇವರ್ ಸರ್" ಅಂದರು. ನಾನು ಬಿಲ್ ತೋರಿಸಿದೆ. ಲೆಕ್ಕಪತ್ರದ ಕೆಲಸದವನು ನಾನು. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ರಾಜ್ಯದ ವ್ಯಾಟ್. ಐಸ್ ಗೋಲಾದ ಬಿಲ್ಲಿನಲ್ಲಿ ಜಿಎಸ್‌ಟಿ ಇದೆ, ಇದರಲ್ಲಿ ವ್ಯಾಟ್ ಇದೆ, ಯಾಕೆ ಅಂದೆ. ಅವರು ಬಿಲ್ ನೋಡಿದರು. ಮುಖ ಬದಲಾಯಿತು. "ನೀವೇ ರೆಗ್ಯುಲರ್ ಕೇಳಿದ್ದೀರಲ್ಲ" ಅಂದರು.

"ಮಕ್ಕಳಿಗೆ ಅಂತ ಕೇಳಿದ್ದು. ಮಗ ನನ್ನ ಪಕ್ಕದಲ್ಲೇ ನಿಂತಿದ್ದ."

"ಅದು ನಮ್ಮ ಹುಡುಗನಿಗೆ ಹೇಗೆ ಗೊತ್ತಾಗಬೇಕು? ನೀವು ನಿಮಗೆ ತಗೊಂಡಿರಿ, ಮಗು ಕುಡೀತು. ಹೀಗೆ ಆಗ್ತಾ ಇರುತ್ತೆ ಸರ್. ಹೆಂಡತಿ ಮುಂದೆ ಹೇಳೋಕೆ ಆಗಲ್ಲ, ನನಗೆ ಅರ್ಥ ಆಗುತ್ತೆ."

ಸುತ್ತ ಹತ್ತು ಹನ್ನೆರಡು ಜನ ಸೇರಿದ್ದರು. ಒಬ್ಬ ಮೊಬೈಲ್ ಎತ್ತಿ ಹಿಡಿದಿದ್ದ. ಮ್ಯಾನೇಜರ್ ಟೇಬಲ್ ದಾಟಿ ನನ್ನ ಹತ್ತಿರ ಬಂದು, "ಒಂದು ಸಲ ಉಸಿರು ಬಿಡಿ" ಅಂದರು. ಹೌದು ಮೇಡಂ, ಇದೇ ಮಾತು. ನನ್ನ ಮಗನ ಮುಂದೆ. ನಾನೂ ಒಂದು ಗುಟುಕು ರುಚಿ ನೋಡಿದ್ದೆ, ವಾಸನೆ ಇದ್ದೇ ಇರುತ್ತದೆ. "ಇದೆಯಲ್ಲ ಸರ್" ಅಂತ ಎಲ್ಲರಿಗೂ ಕೇಳುವ ಹಾಗೆ ಅಂದರು.

ಅಮ್ಮನಿಗೆ ಹಿಂದಿ ಬರುವುದಿಲ್ಲ. ನನ್ನ ಅಂಗಿಯ ತೋಳು ಜಗ್ಗಿ ಕೇಳಿದರು: "ಏನಂತೆ ಮಗಾ ಅವರದ್ದು? ನಿನ್ನ ಬಾಯಿ ಯಾಕೆ ಮೂಸ್ತಾರೆ?"

ನನಗೆ ಉತ್ತರ ಕೊಡಲು ಆಗಲಿಲ್ಲ. ಏನು ಅಂತ ಹೇಳಲಿ? ನಾನು ಕುಡಿದು ಮಗುವಿಗೂ ಕುಡಿಸಿದೆ ಅನ್ನುತ್ತಿದ್ದಾರೆ ಅಂತಲಾ? ನೀನು ಕುಡಿದಿದ್ದೂ ಅದೇ ಅಂತಲಾ? "ಏನಿಲ್ಲ ಅಮ್ಮ, ಬಿಲ್ ವಿಷಯ" ಅಂದೆ. ಸಂಜೆ ಮನೆಯಲ್ಲಿ ಮಗನೇ ಅಜ್ಜಿಗೆ ಎಲ್ಲ ಹೇಳಿಬಿಟ್ಟ. ಅವತ್ತು ರಾತ್ರಿ ಅಮ್ಮ ಊಟ ಮಾಡಲಿಲ್ಲ. ಇನ್ನೂ ಹತ್ತು ದಿನ ಇರಬೇಕಾಗಿದ್ದವರು ನಾಲ್ಕೇ ದಿನಕ್ಕೆ ಊರಿನ ಬಸ್ ಹತ್ತಿದರು.

ಮ್ಯಾನೇಜರ್ ಕೊನೆಗೆ ಕೊಟ್ಟಿದ್ದು 700 ರೂಪಾಯಿಯ ಫುಡ್ ಕೂಪನ್. ಅದೇ ದಿನ ಬಳಸಬೇಕಂತೆ. ಅಲ್ಲೇ ಟೇಬಲ್ ಮೇಲೆ ಇಟ್ಟು ಬಂದೆ.

ನಿಮಗೆ ಲೈಸೆನ್ಸ್ ಇರಬಹುದು. ಇದ್ದರೆ ಅದರ ಷರತ್ತು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಮಹಾರಾಷ್ಟ್ರದಲ್ಲಿ ಬಾರಿನ ಬೋರ್ಡಿನ ಮೇಲೆ "ಪರ್ಮಿಟ್ ರೂಮ್" ಅಂತ ಇರುವುದು ಸುಮ್ನೆ ಅಲ್ಲ. 1949ರ ಮದ್ಯಪಾನ ನಿಷೇಧ ಕಾಯಿದೆಯ ಪ್ರಕಾರ ಇಲ್ಲಿ ಮಾರುವವನಿಗಷ್ಟೇ ಅಲ್ಲ, ಕುಡಿಯುವವನಿಗೂ ಪರ್ಮಿಟ್ ಬೇಕು. ವೈನ್, ಮೈಲ್ಡ್ ಬಿಯರಿಗೆ 21 ವರ್ಷ ಆಗಿರಬೇಕು. ವೋಡ್ಕಾಕ್ಕೆ 25. ನಿಮ್ಮ ಹುಡುಗ ನನ್ನ ಪರ್ಮಿಟ್ ಕೇಳಲಿಲ್ಲ, ವಯಸ್ಸು ಕೇಳಲಿಲ್ಲ, ಈ ಎರಡು ಲೋಟ ಯಾರಿಗೆ ಅಂತಲೂ ಕೇಳಲಿಲ್ಲ. ಮದ್ಯದ ಜಾಹೀರಾತಿಗೂ ಅದೇ ಕಾಯಿದೆಯಲ್ಲಿ ತಡೆ ಇದೆ. ಹಾಗಾದರೆ ನನ್ನ ಹೆಂಡತಿಗೆ ಬಂದ ಮೆಸೇಜ್ ಏನು?

ಬಾಟಲಿಯ ಮೇಲೆ ಆರೋಗ್ಯದ ಎಚ್ಚರಿಕೆ ಬರೆಯಲೇಬೇಕು ಅನ್ನುತ್ತದೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮ. ನಿಮ್ಮಲ್ಲಿ ಆ ಬಾಟಲಿ ಕೌಂಟರಿನ ಕೆಳಗೆ ಇರುತ್ತದೆ. ಅದನ್ನು ಡೈನೋಸಾರ್ ಲೋಟಕ್ಕೆ ಸುರಿದ ಮೇಲೆ ಆ ಎಚ್ಚರಿಕೆ ಯಾರ ಕಣ್ಣಿಗೆ ಬೀಳಬೇಕು? ಓದಲು ಬರುವ ನನಗೇ ಗೊತ್ತಾಗಲಿಲ್ಲ, ಮಗುವಿಗೆ ಗೊತ್ತಾಗುತ್ತದಾ? ಹತ್ತು ಹೆಜ್ಜೆ ಆಚೆ ಕೊಳ ಇದೆ. ಕುಡಿದವರು ಅದೇ ನೀರಿಗೆ ಇಳಿಯುತ್ತಾರೆ, ಮಕ್ಕಳ ಮಧ್ಯೆ. ಸಂಜೆ ಅವರೇ ಕಾರು ತಗೊಂಡು ಹೈವೇಗೆ ಬರುತ್ತಾರೆ.

ಬೆಳಗ್ಗೆ 71 ವರ್ಷದ ಹೆಂಗಸಿನ ಮಜ್ಜಿಗೆ ಮೂಸಿ ನೋಡಿದಿರಿ. ಅಷ್ಟೇ ಗಮನ ಆ ಕೌಂಟರಿನ ಮೇಲೆ ಇಟ್ಟಿದ್ದರೆ ನನ್ನ ಮಗ ಅವತ್ತು ಪ್ರಥಮ ಚಿಕಿತ್ಸೆ ಕೋಣೆ ಸೇರುತ್ತಿರಲಿಲ್ಲ.

ದುಡ್ಡು ವಾಪಸ್ ಬೇಕು ಅಂತ ಮೊದಲ ಇಮೇಲಿನಲ್ಲಿ ಬರೆದಿದ್ದೆ. ಈಗ ಬೇಡ. ಆ ಕೌಂಟರ್ ಕೊಳದ ಹತ್ತಿರದಿಂದ ಏಳಬೇಕು. ಮಕ್ಕಳ ಲೋಟದಲ್ಲಿ ಇನ್ನೊಮ್ಮೆ ಮದ್ಯ ಸುರಿಯಬಾರದು. ಆ ಮ್ಯಾನೇಜರ್ ನನ್ನ ಅಮ್ಮನ ಹೆಸರಿಗೆ ಕನ್ನಡದಲ್ಲಿ ಕ್ಷಮೆ ಪತ್ರ ಬರೆಯಬೇಕು. ಬರೆಯಲು ಬರದಿದ್ದರೆ ನೀವು ಬರೆದುಕೊಡಿ, ಅವರು ಸಹಿ ಹಾಕಲಿ.

ಇದಕ್ಕೆ ಪತ್ರ ಸಿಕ್ಕಿದ ದಿನದಿಂದ 15 ದಿನ. ಹದಿನಾರನೇ ದಿನ ರಾಜ್ಯ ಅಬಕಾರಿ ಇಲಾಖೆಗೆ ದೂರು ಹೋಗುತ್ತದೆ, ಬಿಲ್ಲಿನ ಪ್ರತಿ ಜೊತೆಗೆ. ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲು ಮಾಡುತ್ತೇನೆ. ಥಾಣೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಕೇಸ್ ಹಾಕುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ನಾನು ಇರುವ ಊರಲ್ಲೇ ಹಾಕಬಹುದು, ನಿಮ್ಮ ಆಫೀಸು ಹುಡುಕಿಕೊಂಡು ಬರಬೇಕಾಗಿಲ್ಲ. ಮಗುವಿಗೆ ಮದ್ಯ ಕೊಟ್ಟವರಿಗೆ ಬಾಲ ನ್ಯಾಯ ಕಾಯಿದೆಯ 77ನೇ ಕಲಂನಲ್ಲಿ 7 ವರ್ಷದವರೆಗೆ ಜೈಲು ಇದೆ. ಅದನ್ನು ಹಿಡಿದು ಪೊಲೀಸ್ ಸ್ಟೇಷನ್ನಿಗೂ ಹೋಗುತ್ತೇನೆ. ಆ ಕೌಂಟರಿನ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತು ವರ್ಷವೂ ಆಗಿರಲಿಕ್ಕಿಲ್ಲ ಅವನಿಗೆ. ಲೋಟ ಆರಿಸಿದ್ದು ಅವನಲ್ಲ. ಅವನೊಬ್ಬನನ್ನು ಕೆಲಸದಿಂದ ತೆಗೆದು, ಕ್ರಮ ತಗೊಂಡೆವು ಅಂತ ನನಗೆ ಇಮೇಲ್ ಹಾಕಬೇಡಿ.

ಆ ಲೋಟವನ್ನು ನಾನು ತೊಳೆದಿಲ್ಲ. ಸ್ಟ್ರಾ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಎರಡೂ ಬಿಲ್ ಜೊತೆ ಕಪಾಟಿನಲ್ಲಿ ಇಟ್ಟಿದ್ದೇನೆ. ನೀವು ಥಾಣೆಯ ಆಯೋಗಕ್ಕೆ ಬಂದಾಗ ತೋರಿಸುತ್ತೇನೆ.

ಇಂತಿ,
ನಿಮ್ಮ ಪಾರ್ಕಿಗೆ ಇನ್ನು ಕಾಲಿಡದ ಗ್ರಾಹಕ
ಡೊಂಬಿವಲಿ ಪೂರ್ವ