ಸ್ಪ್ರೇಯರ್ ಎಂಜಿನ್‌ನ ದುರಸ್ತಿಯನ್ನೂ ಕನ್ನಡದಲ್ಲಿ ಕಲಿಸಲಿ

ಮಾನ್ಯ ಸಂಪಾದಕರಿಗೆ,

ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ತಮ್ಮ ಕೃಷಿ ಪುಟದಲ್ಲಿ ಅಡಿಕೆಯ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ತಯಾರಿಸುವ ಕ್ರಮ ಪ್ರಕಟವಾಗುತ್ತದೆ. 1 ಕೆ.ಜಿ. ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ನಮ್ಮ ಊರಿನಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಬಾಯಿಪಾಠ. ಆದರೆ ಆ ದ್ರಾವಣವನ್ನು ಅಡಿಕೆ ಗೊನೆಯವರೆಗೆ ತಲುಪಿಸುವ ಎಂಜಿನ್ ಕೈಕೊಟ್ಟರೆ ಏನು ಮಾಡಬೇಕೆಂದು ಯಾರೂ ಬರೆಯುವುದಿಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಒಬ್ಬ ಅಡಿಕೆ ಕೃಷಿಕನಾಗಿ, ಒಂದು ಮುರಿದ ಬೋಲ್ಟಿನಿಂದ ಕಲಿತದ್ದನ್ನು ಹೇಳಿ ಒಂದು ಬೇಡಿಕೆಯನ್ನು ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಮೂರು ವರ್ಷಗಳ ಹಿಂದೆ, ಮೊದಲ ಮದ್ದು ಬಿಡುವುದಕ್ಕೆ ಎರಡು ದಿನ ಮುಂಚೆ, ನನ್ನ ಪೆಟ್ರೋಲ್ ಎಂಜಿನ್‌ನ ಸೈಲೆನ್ಸರ್ ಬುಡದ ಪ್ಯಾಕಿಂಗ್ ಬದಲಿಸಲು ಕುಳಿತೆ. 8 ಮಿ.ಮೀ. ದಪ್ಪದ ಎರಡು ಬೋಲ್ಟುಗಳಲ್ಲಿ ಒಂದು ಸುಲಭವಾಗಿ ಬಂತು. ಇನ್ನೊಂದು ಅಲುಗಲಿಲ್ಲ. ಸ್ಪ್ಯಾನರಿಗೆ ಪೈಪು ತೂರಿಸಿ ಒತ್ತಿದಾಗ, ಬಿಗಿಯಾಗಿದ್ದ ಬೋಲ್ಟು ಇದ್ದಕ್ಕಿದ್ದಂತೆ ರಬ್ಬರಿನ ಹಾಗೆ ಮೆತ್ತಗೆ ತಿರುಗತೊಡಗಿತು. ಸಡಿಲವಾಯಿತೆಂದು ಸಂತೋಷಪಟ್ಟೆ, ಮರುಕ್ಷಣವೇ ತಲೆ ಕೈಗೆ ಬಂತು, ಉಳಿದ ಭಾಗ ಸಿಲಿಂಡರ್ ಹೆಡ್‌ನ ಒಳಗೇ ಉಳಿಯಿತು. ಆ ಮೆತ್ತಗಿನ ತಿರುವು ಬೋಲ್ಟು ಹಿಗ್ಗಿ ತುಂಡಾಗುವ ಮುನ್ಸೂಚನೆ ಎಂದು ತಿಳಿದಿದ್ದರೆ ಅಲ್ಲಿಗೇ ಕೈ ಬಿಡುತ್ತಿದ್ದೆ.

ಮುಂದಿನದು ಇನ್ನೂ ದೊಡ್ಡ ತಪ್ಪು. ಸೆಂಟರ್ ಪಂಚ್‌ನಿಂದ ನಡುವಿನಲ್ಲಿ ಗುರುತು ಹಾಕದೆ ಡ್ರಿಲ್ ಹಿಡಿದದ್ದರಿಂದ ಬಿಟ್ ಜಾರಿ ತೂತು ಒಂದು ಬದಿಗೆ ಸರಿಯಿತು. ಅದೇ ತೂತಿಗೆ, ಮುರಿದ ಬೋಲ್ಟು ತೆಗೆಯುವ ಈಜಿ ಔಟ್ ಹಾಕಿ ಬಲವಾಗಿ ತಿರುಗಿಸಿದಾಗ ಅದೂ ಒಳಗೇ ಮುರಿಯಿತು. ಎಡಕ್ಕೆ ತಿರುಗಿಸಿದಷ್ಟೂ ಬಿಗಿಯಾಗುವ ಈ ಉಪಕರಣವನ್ನು ಗಡಸು ಉಕ್ಕಿನಿಂದ ಮಾಡಿರುತ್ತಾರೆ. ಅದು ಮುರಿದರೆ ನಮ್ಮ ಮನೆಯ ಡ್ರಿಲ್ ಬಿಟ್ ಅದರ ಮೇಲೆ ಬರೇ ಜಾರುತ್ತದೆ. ಹೊಸ ಹೆಡ್ ತರಿಸುವಷ್ಟರಲ್ಲಿ ಹನ್ನೆರಡು ದಿನ ಕಳೆಯಿತು, ಮಳೆ ಹಿಡಿಯಿತು, ತೋಟದ ತಗ್ಗಿನ ಭಾಗಕ್ಕೆ ಮಹಾಳಿ (ಕೊಳೆರೋಗ) ಬಂತು. ಸಣ್ಣ ಹಿಡುವಳಿದಾರನಿಗೆ ಅದು ಒಂದು ವರ್ಷದ ಆದಾಯದ ಪ್ರಶ್ನೆ.

ನಮ್ಮ ಎಂಜಿನ್‌ಗಳಲ್ಲೇ ಬೋಲ್ಟುಗಳು ಇಷ್ಟು ಬೇಗ ಹಿಡಿದುಕೊಳ್ಳುವುದಕ್ಕೆ ಕಾರಣವಿದೆ. ದ್ರಾವಣದಲ್ಲಿ ಸುಣ್ಣ ಸಾಕಾಗಿದೆಯೇ ಎಂದು ನೋಡಲು ನಾವು ಹೊಳೆಯುವ ಚಾಕುವನ್ನು ಅದ್ದುತ್ತೇವೆ. ಕೆಂಪು ಬಣ್ಣ ಕೂತರೆ ಇನ್ನೂ ಸುಣ್ಣ ಬೇಕೆಂದು ಅರ್ಥ. ಚಾಕುವಿನ ಮೇಲೆ ತಾಮ್ರ ಕೂರುವಾಗ ಕಬ್ಬಿಣ ಕರಗುತ್ತದೆ. ಮೈಲುತುತ್ತಿನ ನೀರು ಎಂಜಿನ್ ಮೇಲೆ ಸಿಡಿದಾಗಲೂ ಆಗುವುದು ಅದೇ, ಅದು ಅಲ್ಯೂಮಿನಿಯಂ ಅನ್ನೂ ಬಿಡುವುದಿಲ್ಲ. ಉಕ್ಕಿನ ಬೋಲ್ಟು, ಅಲ್ಯೂಮಿನಿಯಂ ಹೆಡ್, ನಡುವೆ ತೇವ ಸೇರಿದರೆ ತ್ರೆಡ್ಡಿನ ಸಂದಿನಲ್ಲಿ ಬಿಳಿ ಹುಡಿ ಬೆಳೆದು ಎರಡನ್ನೂ ಕಚ್ಚಿ ಹಿಡಿಯುತ್ತದೆ. ಮದ್ದು ಬಿಟ್ಟ ಸಂಜೆ ಎಂಜಿನ್ ತಣಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ ಇಡುವವರು ನಮ್ಮಲ್ಲಿ ಎಷ್ಟು ಮಂದಿ?

ಈ ಮೇ ತಿಂಗಳಲ್ಲಿ ಅದೇ ಜಾಗದ ಬೋಲ್ಟು ಮತ್ತೆ ಮುರಿಯಿತು. ಈ ಸಲ ಅವಸರ ಮಾಡಲಿಲ್ಲ. ಪೆಟ್ರೋಲ್ ಟ್ಯಾಂಕ್ ಮತ್ತು ಕಾರ್ಬುರೇಟರ್ ಬಿಚ್ಚಿ ದೂರ ಇಟ್ಟೆ. ಬೆಂಕಿಯ ಕೆಲಸಕ್ಕೆ ಮುಂಚೆ ಇದನ್ನು ಯಾರೂ ಮರೆಯಬಾರದು. ಮುರಿದ ತುಂಡಿನ ಸುತ್ತ ತುಕ್ಕು ಬಿಡಿಸುವ ಎಣ್ಣೆ ಹನಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಹೆಡ್ಡನ್ನು ಹಿಡಿದುಕೊಂಡು ಪೇಟೆಯ ಒಬ್ಬ ವೆಲ್ಡರ್ ಬಳಿಗೆ ಹೋದೆ. ಅವರು ತುಂಡಿನ ಮೇಲೆ ಒಂದು ನಟ್ಟನ್ನು ಇಟ್ಟು, ನಟ್ಟಿನ ತೂತಿನ ಮೂಲಕವೇ ವೆಲ್ಡ್ ತುಂಬಿದರು. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ಬೋಲ್ಟಿಗೆ ಮಾತ್ರ ಅಂಟುತ್ತದೆ. ಒಂದೇ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಹಿಡಿತವೂ ಸಡಿಲಾಗುತ್ತದೆ. ಸ್ವಲ್ಪ ಆರಿದ ಬಳಿಕ ಸ್ಪ್ಯಾನರ್ ಹಾಕಿ ಅವರು ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ಕಡೆಗೆ, ಹೀಗೆ ಹಿಂದೆ ಮುಂದೆ ಆಡಿಸುತ್ತಾ ಹೋದರು. ಕಿರ್ ಎಂಬ ಸದ್ದಿನೊಂದಿಗೆ, ಮೈತುಂಬ ಬಿಳಿ ಹುಡಿ ಮೆತ್ತಿದ್ದ ತುಂಡು ಹೊರಗೆ ಬಂತು. ತ್ರೆಡ್ಡಿಗೆ ಏನೂ ಆಗಿರಲಿಲ್ಲ. ಆಗಿದ್ದರೂ ಹೆಲಿಕಾಯಿಲ್ ಎಂಬ ತಂತಿಯ ಸುರುಳಿ ಕೂರಿಸಿ ಅದೇ ಅಳತೆಯ ಬೋಲ್ಟು ಹಾಕಬಹುದು ಎಂದು ಅವರು ಹೇಳಿದರು. ವೆಲ್ಡರ್ ಸಿಗುವ ಕಡೆ ಈಜಿ ಔಟ್‌ಗಿಂತ ಮೊದಲು ಇದನ್ನು ಮಾಡಿಸುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಮರಳಿ ಜೋಡಿಸುವಾಗ ಬಿಗಿಯುವುದಕ್ಕೂ ಲೆಕ್ಕವಿದೆ. ಅಲ್ಯೂಮಿನಿಯಂಗೆ ಹಾಕುವ 6 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ ಬೇಕಾಗುವುದು ಸುಮಾರು 10 ನ್ಯೂಟನ್ ಮೀಟರ್, ಅಂದರೆ 20 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಗೆ 5 ಕೆ.ಜಿ. ತೂಕ ತೂಗಿಸಿದಷ್ಟು ಮಾತ್ರ. ನಾವು ಇಡೀ ತೋಳಿನ ಬಲ ಹಾಕುತ್ತೇವೆ.

ಬಿಗಿಯುವ ಇಂಥ ಲೆಕ್ಕಗಳು ಎಂಜಿನ್ ಜೊತೆಗೆ ಬಂದ ಕೈಪಿಡಿಯಲ್ಲಿ ಇಂಗ್ಲಿಷಿನಲ್ಲಿ ಇದ್ದವು. ನಾನು ಹೋಗಿದ್ದ ಒಂದು ಯಂತ್ರ ತರಬೇತಿ ಮಲಯಾಳದಲ್ಲಿ ನಡೆಯಿತು. ಮಲಯಾಳ ನಮಗೆ ಅರ್ಥವಾಗದ ಭಾಷೆಯಲ್ಲ, ಆದರೆ ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವ ಹಿರಿಯ ಕೃಷಿಕರು ಆ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಲಿಲ್ಲ. ಪ್ರಶ್ನೆ ಕೇಳದೆ ಕಲಿಯುವ ವಿದ್ಯೆ ಇದಲ್ಲ.

ಆದ್ದರಿಂದ ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಕೃಷಿಭವನಗಳು (ಸರ್ಕಾರಿ ಕೃಷಿ ಕಚೇರಿಗಳು) ಸ್ಪ್ರೇಯರ್, ಹುಲ್ಲು ಕತ್ತರಿಸುವ ಯಂತ್ರ ಮತ್ತು ಪಂಪುಗಳ ನಿರ್ವಹಣೆಯ ಒಂದು ದಿನದ ಪ್ರಾತ್ಯಕ್ಷಿಕೆಯನ್ನು ಕನ್ನಡದಲ್ಲಿ ಏರ್ಪಡಿಸಬೇಕು, ಕೃಷಿಕರ ಕೈಯಲ್ಲೇ ಸ್ಪ್ಯಾನರ್ ಕೊಟ್ಟು ಕಲಿಸಬೇಕು ಎಂದು ಕೇಳಿಕೊಳ್ಳುತ್ತೇನೆ. ತಮ್ಮ ಕೃಷಿ ಪುಟದಲ್ಲಿಯೂ ಬೋರ್ಡೋ ದ್ರಾವಣದ ಪಕ್ಕದಲ್ಲಿ ಎಂಜಿನ್‌ಗೆ ಕಾಲು ಪುಟ ದೊರೆಯಲಿ. ಈ ವರ್ಷದ ಎರಡನೇ ಮದ್ದಿಗೆ ಇನ್ನು ಮೂರು ವಾರ ಇದೆ. ಅಷ್ಟರೊಳಗೆ ಒಂದು ಕಡೆಯಾದರೂ ಪ್ರಾತ್ಯಕ್ಷಿಕೆ ನಡೆಯುವುದಾದರೆ, ಮುರಿದ ಆ ಬೋಲ್ಟನ್ನೂ ವೆಲ್ಡ್ ಮಾಡಿದ ನಟ್ಟನ್ನೂ ತೋರಿಸಲು ನಾನೇ ತರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಕೃಷಿಕ, ಬದಿಯಡ್ಕ